ಮಗುವಿಗೆ ಪ್ಯಾನಿಕ್ ಅಟ್ಯಾಕ್ ಆದಾಗ: ಅಮೆರಿಕಕ್ಕೆ ಹೊಸದಾಗಿ ಬಂದವರಿಗೆ

ಅಮೆರಿಕದ ಶಾಲೆಗಳಲ್ಲಿ ಲಾಕ್‌ಡೌನ್ ಡ್ರಿಲ್ ಎಂಬುದೊಂದಿದೆ. ಬಂದೂಕು ಹಿಡಿದವನು ಒಳನುಗ್ಗಿದರೆ ಏನು ಮಾಡಬೇಕೆಂಬ ತಾಲೀಮು ಅದು. ಬಾಗಿಲು ಹಾಕಿ, ದೀಪ ಆರಿಸಿ, ಮಕ್ಕಳೆಲ್ಲ ಮೂಲೆಯಲ್ಲಿ ಸದ್ದಿಲ್ಲದೆ ಕೂರಬೇಕು. ಇಲ್ಲೇ ಬೆಳೆದವರಿಗೆ ಇದು ರೂಢಿ. ಮೈಸೂರಿನಿಂದ ಬಂದು ತಿಂಗಳಾಗಿರುವ ಹನ್ನೆರಡರ ಹುಡುಗಿಗೆ? ಎದೆ ಡವಡವ, ಬೆರಳು ಜುಮುಜುಮು, ಉಸಿರೇ ಸಾಲದು, ಸತ್ತೇಹೋಗುತ್ತೇನೆಂಬ ಭಯ. ಸಂಜೆ ವಿಡಿಯೋ ಕಾಲ್‌ನಲ್ಲಿ ಅಜ್ಜಿ, ‘ಮೊದಲು ದೃಷ್ಟಿ ತೆಗೀರಿ’ ಎನ್ನಬಹುದು. ಅಪ್ಪ, ‘ಅಷ್ಟಕ್ಕೆಲ್ಲ ಹೆದರ್ತಾರೇನೇ?’ ಎನ್ನಬಹುದು.

ಹುಡುಗಿ ನಾಟಕ ಮಾಡುತ್ತಿಲ್ಲ, ಇದು ಪ್ಯಾನಿಕ್ ಅಟ್ಯಾಕ್. ಅಪಾಯವಿದೆಯೆಂದು ಮೆದುಳು ಕೂಗಿಕೊಂಡಾಗ ಅಡ್ರಿನಲಿನ್ ಉಕ್ಕುತ್ತದೆ, ಉಸಿರಾಟ ವೇಗವಾಗುತ್ತದೆ. ಆಗ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಇಳಿಯುವುದರಿಂದಲೇ ಬೆರಳು ಜುಮುಗುಡುವುದು, ತಲೆ ಸುತ್ತುವುದು. ಸಾಮಾನ್ಯವಾಗಿ ಸುಮಾರು 10 ನಿಮಿಷದಲ್ಲಿ ಇದು ತಾರಕಕ್ಕೇರಿ, ಅರ್ಧ ಗಂಟೆಯೊಳಗೆ ಇಳಿಯುತ್ತದೆ. ಆದರೂ ಮೊದಲ ಸಲವಾದರೆ ಪೀಡಿಯಾಟ್ರಿಶಿಯನ್‌ಗೆ ತೋರಿಸಲೇಬೇಕು. ಆಸ್ತಮಾ, ಥೈರಾಯ್ಡ್, ಹೃದಯ ಬಡಿತದ ತೊಂದರೆಗಳೂ ಹೀಗೇ ಕಾಣಬಹುದು. ಪ್ರಜ್ಞೆ ತಪ್ಪಿದರೆ, ತುಟಿ ನೀಲಿಗಟ್ಟಿದರೆ 911ಕ್ಕೆ ಕರೆ ಮಾಡಿ.

ಆ ಹೊತ್ತಿನಲ್ಲಿ ಮಾತು ಕಡಿಮೆಯಿರಲಿ. ಪಕ್ಕದಲ್ಲಿ ಕೂತು, ‘ಇದು ಪ್ಯಾನಿಕ್ ಪುಟ್ಟಾ, ಸ್ವಲ್ಪ ಹೊತ್ತಿಗೆ ಇಳಿಯುತ್ತೆ, ನಾನಿಲ್ಲೇ ಇದ್ದೀನಿ’ ಎಂದರೆ ಸಾಕು. ನಾಲ್ಕು ಎಣಿಸುತ್ತ ಉಸಿರು ಒಳಗೆ, ಆರು ಎಣಿಸುತ್ತ ಹೊರಗೆ. ಎಣಿಕೆ ಕನ್ನಡದಲ್ಲೇ ಇರಲಿ, ನೀವೂ ಜೊತೆಗೆ ಉಸಿರಾಡಿ. ಕಾಗದದ ಚೀಲದೊಳಗೆ ಉಸಿರಾಡಿಸುವ ಹಳೆಯ ಉಪಾಯವನ್ನು ವೈದ್ಯರು ಈಗ ಬೇಡವೆನ್ನುತ್ತಾರೆ.

ಕಷ್ಟವಿರುವುದು ಮರುದಿನ. ‘ಸ್ಕೂಲಿಗೆ ಹೋಗಲ್ಲ’ ಎಂದು ಅಳುವ ಮಗುವನ್ನು ಮನೆಯಲ್ಲೇ ಉಳಿಸಿಕೊಳ್ಳಲು ಯಾವ ತಾಯಿಗಾದರೂ ಮನಸ್ಸಾಗುತ್ತದೆ. ಆದರೆ ತಪ್ಪಿಸಿಕೊಂಡಷ್ಟೂ ಭಯ ಬಲಿಯುತ್ತದೆ. ಇವತ್ತು ಡ್ರಿಲ್, ನಾಳೆ ಕ್ಯಾಂಟೀನು, ಆಮೇಲೆ ಸ್ಕೂಲ್ ಬಸ್ಸು. ಹೆದರಿದ ಜಾಗಕ್ಕೆ ಹಂತಹಂತವಾಗಿ ಮರಳುವುದನ್ನು ಕಲಿಸುವ ಚಿಕಿತ್ಸೆಗೆ ಇಲ್ಲಿ ಸಿಬಿಟಿ (ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ) ಎನ್ನುತ್ತಾರೆ. ಮಕ್ಕಳ ಆತಂಕಕ್ಕೆ ಚೆನ್ನಾಗಿ ಪರೀಕ್ಷೆಗೊಳಗಾದ ವಿಧಾನವಿದು. ಕೆಲವರಿಗೆ ಮಾತ್ರೆಯೂ ಬೇಕಾಗುತ್ತದೆ.

ಶಾಲೆಯಲ್ಲಿ ಮೊದಲು ಹಿಡಿಯಬೇಕಾದದ್ದು ಸ್ಕೂಲ್ ಕೌನ್ಸೆಲರ್ ಅವರನ್ನು. ತೊಂದರೆ ಮುಂದುವರಿದರೆ ‘504 ಪ್ಲಾನ್’ ಬೇಕೆಂದು ಇಮೇಲ್‌ನಲ್ಲೇ ಕೇಳಿ, ದಾಖಲೆ ಉಳಿಯುತ್ತದೆ. 1973ರ ಕಾನೂನಿನ ಸೆಕ್ಷನ್ 504ರಡಿ ಬರುವ ಈ ವ್ಯವಸ್ಥೆಗೆ ಸರ್ಕಾರಿ ಶಾಲೆಗಳಲ್ಲಿ ಶುಲ್ಕವಿಲ್ಲ. ಅರ್ಹತೆ ಸಿಕ್ಕರೆ ಡ್ರಿಲ್‌ನ ಮುನ್ಸೂಚನೆ, ಐದು ನಿಮಿಷ ತರಗತಿಯಿಂದ ಹೊರಹೋಗುವ ಅನುಮತಿ, ಪರೀಕ್ಷೆಗೆ ಬೇರೆ ಕೊಠಡಿ ಇಂಥವನ್ನು ಬರೆಸಿಕೊಳ್ಳಬಹುದು.

‘ರೆಕಾರ್ಡ್‌ನಲ್ಲಿ ಬಂದರೆ ವೀಸಾಗೆ ತೊಂದರೆಯಾಗುತ್ತಾ?’ ಇದು ಎಚ್‌-1ಬಿ ಮನೆಗಳ ಗುಟ್ಟಿನ ಚಿಂತೆ. ಗ್ರೀನ್ ಕಾರ್ಡ್‌ನ ವೈದ್ಯಕೀಯ ತಪಾಸಣೆಯಲ್ಲಿ ಕಾಯಿಲೆಯ ಹೆಸರೊಂದೇ ಅಡ್ಡಿಯಾಗುವುದಿಲ್ಲ. ಅದರ ಜೊತೆ ತನಗೋ ಇತರರಿಗೋ ಹಾನಿ ಮಾಡುವ ವರ್ತನೆ ಇದೆಯೇ ಎಂದು ನೋಡುತ್ತಾರೆ. ಮಗು ‘ಬದುಕೋದೇ ಬೇಡ’ ಎಂಬಂಥ ಮಾತಾಡಿದರೆ ಮಾತ್ರ ಕಾಯಬೇಡಿ, 988 ಸಹಾಯವಾಣಿಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು. ಇಂಗ್ಲಿಷ್ ತೊಡಕಾದರೆ ದುಭಾಷಿ ಬೇಕೆಂದು ಕೇಳಿ.

ಥೆರಪಿಸ್ಟ್‌ಗಳ ಸರದಿ ಸಿಗಲು ವಾರಗಟ್ಟಲೆ ಆಗುವುದುಂಟು. ಹಾಗಾಗಿ ಬೇಗ ಹೆಸರು ಬರೆಸಿ, ಅವರು ನಿಮ್ಮ ಇನ್ಶೂರೆನ್ಸ್‌ನ ನೆಟ್‌ವರ್ಕ್‌ನಲ್ಲಿದ್ದಾರೆಯೇ ಎಂದು ಮೊದಲೇ ವಿಚಾರಿಸಿ. ಅಟ್ಯಾಕ್ ಯಾವಾಗ, ಎಲ್ಲಿ, ಎಷ್ಟು ನಿಮಿಷ, ಹಿಂದಿನ ರಾತ್ರಿ ನಿದ್ದೆ ಹೇಗಿತ್ತು ಎಂದು ಬರೆದಿಟ್ಟುಕೊಂಡು ಹೋಗಿ. ಹದಿಹರೆಯದ ಮಗುವಾದರೆ ಡಾಕ್ಟರು ಅಪ್ಪ-ಅಮ್ಮನನ್ನು ಸ್ವಲ್ಪ ಹೊತ್ತು ಹೊರಗಿರಲು ಹೇಳುವುದು ಇಲ್ಲಿ ಸಾಮಾನ್ಯ. ಬೇಸರಪಟ್ಟುಕೊಳ್ಳದೆ ಎದ್ದು ಹೊರಗೆ ಕೂರಿ. ಮನೆಗೆ ಬರುವಾಗ ಕಾರಿನಲ್ಲಿ ‘ಒಳಗೆ ಏನು ಹೇಳಿದೆ?’ ಎಂದು ಕೆದಕಬೇಡಿ.