ಕಪ್ಪೆಚಿಪ್ಪಿಗೆ ಮರಳು ಬೇಕೆ?

ಪಾಂಡವಪುರ ತಾಲ್ಲೂಕಿನ ಕ್ಯಾತನಹಳ್ಳಿಯ ಕಡೆ ನಾಲೆಯ ನೀರು ಇಳಿದಾಗ, ಕೆಸರಿನಲ್ಲಿ ಅರ್ಧ ಹೂತ ಕಪ್ಪೆಚಿಪ್ಪುಗಳು ಕಾಣಸಿಗುತ್ತವೆ. ಇಂಥ ಎರಡನ್ನು ನಾವು ತಂದು, ಒಂದನ್ನು ಮರಳು ಹಾಸಿದ ಗಾಜಿನ ತೊಟ್ಟಿಯಲ್ಲಿಯೂ ಇನ್ನೊಂದನ್ನು ಬರಿಯ ತೊಟ್ಟಿಯಲ್ಲಿಯೂ ಇಟ್ಟೆವು. ಮರುದಿನ ಮೊದಲನೆಯದು ಓರೆಯಾಗಿ ಹೂತು ನಿಂತಿತ್ತು. ಎರಡನೆಯದು ಪಾದವನ್ನು ಚಾಚಿ ಚಾಚಿ ಜಾರುತ್ತ ಮಗ್ಗುಲಾಗಿಯೇ ಬಿದ್ದಿತ್ತು.

ಕಾರಣ ಬಲವಿಜ್ಞಾನಕ್ಕೆ ಸೇರಿದ್ದು. ನಾಲಗೆಯಂಥ ಪಾದವನ್ನು ಕೆಳಗೆ ತಳ್ಳಿದರೆ, ನ್ಯೂಟನ್ನನ ಮೂರನೆಯ ನಿಯಮದಂತೆ, ಪ್ರಾಣಿಯು ಮೇಲಕ್ಕೆ ತಳ್ಳಲ್ಪಡಬೇಕಷ್ಟೆ. ಹಾಗಾಗದಂತೆ ಚಿಪ್ಪುಗಳು ತುಸು ತೆರೆದು ಅಕ್ಕಪಕ್ಕದ ಮರಳನ್ನು ಒತ್ತಿ ಹಿಡಿಯುತ್ತವೆ. ಅನಂತರ ಪಾದದ ತುದಿಗೆ ರಕ್ತ ನುಗ್ಗಿ, ಅದು ಉಬ್ಬಿ ಲಂಗರಾಗುತ್ತದೆ. ಚಿಪ್ಪುಗಳು ಮುಚ್ಚಿಕೊಳ್ಳುತ್ತವೆ, ಸ್ನಾಯುಗಳು ಅವನ್ನು ಕೆಳಕ್ಕೆ ಎಳೆಯುತ್ತವೆ. ಗಾಜಿನ ಮೇಲೆ ಈ ಎರಡು ಲಂಗರುಗಳಿಗೂ ಹಿಡಿತವಿಲ್ಲ.

ಆದರೆ ಈ ಜಾತಿಯ ಪ್ರಾಣಿಗಳೆಲ್ಲಕ್ಕೂ ಮರಳು ಬೇಕೆಂದಲ್ಲ. ಲಕ್ಷದ್ವೀಪದ ಹವಳದ ದಿಬ್ಬಗಳಲ್ಲಿರುವ ಟ್ರೈಡಾಕ್ನ ಮ್ಯಾಕ್ಸಿಮ ಎಂಬ ದೈತ್ಯ ಚಿಪ್ಪು, ನೂಲಿನಂಥ ಎಳೆಗಳಿಂದ ಬಂಡೆಯನ್ನೇ ಕಚ್ಚಿಕೊಂಡಿರುತ್ತದೆ. ಅದಕ್ಕೆ ಬೇಕಾದುದು ಕಲ್ಲು ಮತ್ತು ಬೆಳಕು. ಮೈಯಲ್ಲಿ ನೆಲಸಿದ ಪಾಚಿಗಳು ಬಿಸಿಲಿನಿಂದ ಆಹಾರ ತಯಾರಿಸಿ ಅದಕ್ಕೂ ಹಂಚುತ್ತವೆ. (ನಮ್ಮ ದೇಶದಲ್ಲಿ ಅದು ಕಾನೂನಿನ ರಕ್ಷಣೆ ಪಡೆದ ಪ್ರಾಣಿ, ಹಿಡಿದು ಸಾಕುವ ಮಾತಿಲ್ಲ.)

ನಾಲೆಯ ಚಿಪ್ಪಿಗೆ ಆ ಸೌಕರ್ಯವಿಲ್ಲ. ಅದು ಕಿವಿರುಗಳಿಂದ ನೀರನ್ನು ಸೋಸಿ, ಅದರಲ್ಲಿ ತೇಲುವ ಸೂಕ್ಷ್ಮ ಪಾಚಿಯನ್ನು ತಿನ್ನುತ್ತದೆ. ಇದನ್ನು ಅರಿಯದೆ ನಾವು ಎರಡನ್ನೂ ಮರಳಿಗೆ ಸೇರಿಸಿ, ದಿನವೂ ನೀರು ಬದಲಿಸಿ, ತೊಟ್ಟಿಯನ್ನು ತಿಳಿಯಾಗಿಟ್ಟು ಉಪವಾಸ ಕೆಡವಿದೆವು. ಕೆಲವು ವಾರಗಳ ಮೇಲೆ ಒಂದು ಬಾಯಿ ತೆರೆದು ನಿಂತಿತು, ಮುಟ್ಟಿದರೂ ಮುಚ್ಚಲಿಲ್ಲ. ಸ್ನಾಯು ಸತ್ತೊಡನೆ ಕೀಲಿನ ಸ್ಥಿತಿಸ್ಥಾಪಕ ಪಟ್ಟಿ ಚಿಪ್ಪುಗಳನ್ನು ತೆರೆದುಬಿಟ್ಟಿತ್ತು. ಇನ್ನೊಂದನ್ನು ಅಂದೇ ನಾಲೆಗೆ ಬಿಟ್ಟೆವು.