ಕ್ರೋಮ್ ಇಳಿಸಿದ ಮೇಲಿನ ಲೆಕ್ಕ

ಹಳೆಯ ಜಾವಾದ ಎರಡು ಚಕ್ರಕ್ಕೆ ಈ ಸಲ ನಾನು ತೆತ್ತಿದ್ದು 15,300 ರೂಪಾಯಿ. ಟೈರು, ಟ್ಯೂಬು ಇದರಲ್ಲಿ ಸೇರಿಲ್ಲ. ಮುಂದಿನ ರಿಮ್ಮಿಗೆ ಮರು ಕ್ರೋಮ್ ಮಾಡಿಸಿದ್ದು 3,400, ಹಿಂದಕ್ಕೆ ಹೊಸ ಸ್ಟೇನ್‌ಲೆಸ್ ಸ್ಟೀಲ್ ರಿಮ್ 6,200, ಎರಡು ಸೆಟ್ ಸ್ಪೋಕು 3,000, ಸ್ಪೋಕ್ ಕಟ್ಟಿ, ಬೆಂಡ್ ತೆಗೆದು, ಟೈರ್ ಏರಿಸಿದ ಕೂಲಿ 1,800. ಉಳಿದ 900 ರೂಪಾಯಿ, ಕೊನೆಗೆ ಗುಜರಿ ಸೇರಿದ ರಿಮ್ಮೊಂದರ ಕ್ರೋಮ್ ಇಳಿಸಿದ್ದಕ್ಕೆ. ಮನೆಯಲ್ಲಿ ಮಾತು ಬೆಳೆದದ್ದು 15,300ಕ್ಕಲ್ಲ, ಈ 900ಕ್ಕೆ. "ಬಿಸಾಕೋ ರಿಮ್ಮಿಗೆ ಯಾಕ್ರೀ ದುಡ್ಡು?" ಇಡೀ ಬಿಲ್ಲಿನಲ್ಲಿ ಬುದ್ಧಿ ಉಪಯೋಗಿಸಿ ಮಾಡಿದ ಖರ್ಚೆಂದರೆ ಅದೊಂದೇ ಎಂಬುದು ನನ್ನ ವಾದ.

ಗಾಡಿ 1969ರದ್ದು, ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯದು. ಮುಂದೆ ಯೆಜ್ಡಿ ಎಂಬ ಹೆಸರಿನಲ್ಲಿ ಗಾಡಿ ಬಿಟ್ಟ ಆ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಹಾಗಾಗಿ 16 ಇಂಚಿನ, 36 ಸ್ಪೋಕಿನ ಅಸಲಿ ರಿಮ್ ಇವತ್ತು ಸಿಕ್ಕರೆ ಯಾರದೋ ಅಟ್ಟದ ಮೇಲೆ ಸಿಗಬೇಕು. ಮಿಕ್ಕಿದ್ದೆಲ್ಲ ಈಚೆಗೆ ಯಾರೋ ಮಾಡಿ ಮಾರುತ್ತಿರುವ ಮಾಲು. ನಾನಿರುವುದು ಬೆಂಗಳೂರಿನ ಹನುಮಂತನಗರದಲ್ಲಿ. ರಾಮಾಂಜನೇಯ ಗುಡ್ಡದ ಆಸುಪಾಸಿನ ಏರು-ಇಳಿಜಾರಿನಲ್ಲಿ ಗಾಡಿ ಓಡಿಸುವವನಿಗೆ ರಿಮ್ ಬರೀ ಶೋಕಿಯ ಸಾಮಾನಲ್ಲ. ಇಳಿಜಾರಿನಲ್ಲಿ ಬ್ರೇಕ್ ಒತ್ತಿದರೆ ಡ್ರಮ್ಮಿನ ಅಷ್ಟೂ ಎಳೆತ ಸ್ಪೋಕುಗಳ ಮೂಲಕ ರಿಮ್ಮಿನ ತೂತುಗಳ ಮೇಲೆಯೇ ಬೀಳುತ್ತದೆ.

ನನ್ನ ಎರಡೂ ರಿಮ್ಮುಗಳು ಹೊರಗಿನಿಂದ ಒಂದೇ ಥರ ಕಾಣುತ್ತಿದ್ದವು. ಅಲ್ಲಲ್ಲಿ ಕಂದು ಚುಕ್ಕೆ, ಒಂದೆರಡು ಕಡೆ ಎದ್ದ ಪೊರೆ. ಹಿಂದಿನದೇ ಸ್ವಲ್ಪ ಹೆಚ್ಚು ಹೊಳೆಯುತ್ತಿತ್ತು ಕೂಡ. ಟೈರ್ ಬಿಚ್ಚಿ, ಒಳಗಿನ ರಬ್ಬರ್ ಪಟ್ಟಿ ಎಳೆದಾಗ ಎರಡರಲ್ಲೂ ತುಕ್ಕಿನ ಪುಡಿ ಉದುರಿತು. ಇದು ಕ್ರೋಮಿನ ಹುಟ್ಟುಗುಣ. ತಟ್ಟೆಯ ಹಾಗೆ ತೆರೆದಿರುವ ಜಾಗದಲ್ಲಿ ಚೆನ್ನಾಗಿ ಕೂರುತ್ತದೆ, ಗುಂಡಿಯ ಒಳಗೆ, ತೂತಿನ ಅಂಚಿನಲ್ಲಿ ಸರಿಯಾಗಿ ಹಿಡಿಯುವುದಿಲ್ಲ. ನೀರು ನಿಲ್ಲುವುದು ಮಾತ್ರ ಅಲ್ಲೇ. ಸಾಮಾನ್ಯವಾಗಿ ರಿಮ್ ಕೊಳೆಯಲು ಶುರುವಾಗುವುದು ಕಣ್ಣಿಗೆ ಬೀಳದ ಒಳಮೈಯಿಂದ.

ಪೀಣ್ಯದ ಪ್ಲೇಟಿಂಗ್ ಶೆಡ್ಡಿನಲ್ಲಿ ನಾನು ಕೇಳಿಕೊಂಡದ್ದು ಒಂದೇ: ಹಳೆಯ ಕ್ರೋಮ್ ಇಳಿಸಿ ಬಫಿಂಗ್ ಮಾಡುವುದಕ್ಕೆ ಬೇರೆ ರೇಟು, ಆಮೇಲೆ ತಾಮ್ರ, ನಿಕ್ಕಲ್, ಕ್ರೋಮ್ ಹಾಕುವುದಕ್ಕೆ ಬೇರೆ ರೇಟು ಹೇಳಿ ಎಂದು. ಅವರಿಗೆ ಅದು ಇಷ್ಟವಾಗಲಿಲ್ಲ. ಒಟ್ಟು ರೇಟಿನಲ್ಲಿ ಗಿರಾಕಿ ಮಧ್ಯದಲ್ಲಿ ಎದ್ದು ಹೋಗುವಂತಿಲ್ಲ, ಬಿಡಿ ರೇಟಿನಲ್ಲಿ ಹೋಗಬಹುದು. ಕ್ರೋಮ್ ಇಳಿಸಿ, ಬಫಿಂಗ್ ಆದ ಮೇಲೆ ಎರಡೂ ಬೆತ್ತಲೆ ರಿಮ್ಮುಗಳನ್ನು ತಂದು ನಮ್ಮ ಸ್ಪೋಕ್ ಕಟ್ಟುವವರ ಮುಂದಿಟ್ಟೆ. ಅವರು ಮುಂದಿನದನ್ನು ಒಂದು ಸುತ್ತು ನೋಡಿ ಬದಿಗಿಟ್ಟರು. ಹಿಂದಿನದನ್ನು ಬೆಳಕಿಗೆ ಹಿಡಿದು, ಒಂದು ತೂತಿನ ಅಂಚಿಗೆ ಸ್ಕ್ರೂಡ್ರೈವರ್ ತುದಿ ಇಟ್ಟು ಹೆಬ್ಬೆರಳಿನಿಂದ ಒತ್ತಿದರು. ಲೋಹ ಒಳಕ್ಕೆ ತಗ್ಗಿತು. "ಬೇಡ ಸಾರ್ ಇದು. ಟೈಟ್ ಮಾಡಿದ್ರೆ ನಿಪ್ಪಲ್ ತೂತಿಂದ ಕಿತ್ಕೊಂಡು ಬಂದ್ಬಿಡತ್ತೆ."

ಶೆಡ್ಡಿನವರ ಸಲಹೆ ಬೇರೆಯಿತ್ತು. ತೂತಿನ ಸುತ್ತ ವೆಲ್ಡ್ ತುಂಬಿಸಿ, ಉಜ್ಜಿ, ಮೇಲೆ ಕ್ರೋಮ್ ಹಾಕಿದರೆ ಗೊತ್ತೇ ಆಗುವುದಿಲ್ಲವಂತೆ. ಹೇಗೂ 900 ಕೊಟ್ಟಾಗಿದೆಯಲ್ಲ, ಇನ್ನು ಸ್ವಲ್ಪ ಹಾಕಿ ಮುಗಿಸಿಬಿಡಿ ಎಂದರು. ಮನೆ ರಿಪೇರಿ, ಮಕ್ಕಳ ಕೋಚಿಂಗು, ಚೀಟಿ ವ್ಯವಹಾರ, ಎಲ್ಲ ಕಡೆ ನಮ್ಮನ್ನು ಕೆಡಿಸುವ ಮಾತು ಇದೇ, "ಹೇಗೂ ಕೊಟ್ಟಾಗಿದೆಯಲ್ಲ." ಆ 900 ರೂಪಾಯಿ ಹೋದದ್ದು ರಿಮ್ಮನ್ನು ಉಳಿಸಲಿಕ್ಕಲ್ಲ, ಉಳಿಯುತ್ತದೋ ಇಲ್ಲವೋ ತಿಳಿಯಲಿಕ್ಕೆ. ತಿಳಿಯಿತು, ಅಲ್ಲಿಗೆ ಅದರ ಕೆಲಸ ಮುಗಿಯಿತು.

ಹಿಂದಿನ ಚಕ್ರಕ್ಕೆ ಈಗ ಎರಡು ದಾರಿ. ಅಗ್ಗದ ಕ್ರೋಮ್ ರಿಮ್ 2,000, ಸ್ಟೇನ್‌ಲೆಸ್ 6,200. ವ್ಯತ್ಯಾಸ 4,200. ಅಗ್ಗದ್ದು ನಮ್ಮ ಮಳೆಯಲ್ಲಿ, ದಿನಾ ಓಡಿಸಿದರೆ, ನಾಲ್ಕು ವರ್ಷ ಬರುತ್ತದೆಂದು ಇಟ್ಟುಕೊಳ್ಳೋಣ. ಹನ್ನೆರಡು ವರ್ಷದ ಲೆಕ್ಕ ಹಾಕಿದರೆ ನಾಲ್ಕನೇ ವರ್ಷಕ್ಕೊಮ್ಮೆ, ಎಂಟನೇ ವರ್ಷಕ್ಕೊಮ್ಮೆ ಬದಲಿಸಬೇಕು. ಬದಲಿಸುವಾಗ ರಿಮ್ಮಿನ 2,000 ಮಾತ್ರವಲ್ಲ, ಬಿಚ್ಚಿ ಕಟ್ಟುವ ಕೂಲಿ 900 ಮತ್ತೆ ಮತ್ತೆ ಬೀಳುತ್ತದೆ. ಒಂದು ಸಲಕ್ಕೆ 2,900. ಎರಡು ಸಲಕ್ಕೆ 5,800. ನೇರ ಕೂಡಿದರೆ ಸ್ಟೇನ್‌ಲೆಸ್ 1,600 ರೂಪಾಯಿ ಲಾಭ. ಅಂಗಡಿಯವರು ಇಲ್ಲಿಗೆ ನಿಲ್ಲಿಸುತ್ತಾರೆ.

ಬಡ್ಡಿ ಹಾಕಿ ನೋಡಿ. ಆ 4,200ನ್ನು ಇವತ್ತೇ ಶೇ 7ರ ಎಫ್‌ಡಿಯಲ್ಲಿಟ್ಟರೆ ಹನ್ನೆರಡು ವರ್ಷಕ್ಕೆ 9,459. ಅಗ್ಗದ ದಾರಿಯಲ್ಲಿ ನಾಲ್ಕನೇ ವರ್ಷ ಕೊಡುವ 2,900, ಕೊಡದೇ ಉಳಿಸಿದ್ದರೆ ಮುಂದಿನ ಎಂಟು ವರ್ಷದಲ್ಲಿ 4,983 ಆಗುತ್ತಿತ್ತು. ಎಂಟನೇ ವರ್ಷದ್ದು ಮುಂದಿನ ನಾಲ್ಕರಲ್ಲಿ 3,801. ಒಟ್ಟು 8,784. ಈಗ ಅಗ್ಗದ ರಿಮ್ಮೇ 675 ರೂಪಾಯಿ ಲಾಭ! ಆದರೆ ನಾಲ್ಕು ವರ್ಷದ ಮೇಲೂ ರಿಮ್ಮು, ಕೂಲಿ ಇದೇ ರೇಟಿನಲ್ಲಿರುತ್ತವೆಯೇ? ವರ್ಷಕ್ಕೆ ಶೇ 6 ಏರಿಸಿ. 2,900 ಮೊದಲ ಸಲಕ್ಕೆ 3,661 ಆಗುತ್ತದೆ, ಎರಡನೇ ಸಲಕ್ಕೆ 4,622. ಅದೇ ಬಡ್ಡಿಯಲ್ಲಿ ಹನ್ನೆರಡನೇ ವರ್ಷಕ್ಕೆ ತಂದರೆ ಒಟ್ಟು 12,349. ಸ್ಟೇನ್‌ಲೆಸ್ 2,890 ರೂಪಾಯಿ ಮುಂದೆ. ಎಫ್‌ಡಿ ಬಡ್ಡಿಯ ಮೇಲೆ ತೆರಿಗೆ ಕಟ್ಟುವವರಿಗೆ ಇನ್ನೂ ಹೆಚ್ಚು. ಭಾನುವಾರ ಬೆಳಿಗ್ಗೆ ಗಾಂಧಿ ಬಜಾರಿಗೆ ಹೋಗಿ ಕಾಫಿ ಕುಡಿದು ಬಂದು ಗಾಡಿಯನ್ನು ಒಣ ಜಾಗದಲ್ಲಿ ನಿಲ್ಲಿಸುವವರಿಗೆ ಈ ಲೆಕ್ಕ ಹೊಂದುವುದಿಲ್ಲ. ಅವರ ಅಗ್ಗದ ರಿಮ್ ಎಂಟು ವರ್ಷವೂ ಬಂದೀತು, 2,000 ಕೊಟ್ಟು ಸುಮ್ಮನಿರಬಹುದು. ಮುಂದಿನ ರಿಮ್ ಗಟ್ಟಿಯಿದ್ದುದರಿಂದ ಅಲ್ಲಿ 6,200 ಸುರಿಯಲು ಕಾರಣವೇ ಇರಲಿಲ್ಲ. ಹೌದು, ಮುಂದಿನದು ನೀಲಿ ಛಾಯೆಯ ಕ್ರೋಮು, ಹಿಂದಿನದು ಸ್ವಲ್ಪ ಹಳದಿ ಕಡೆಗೆ ತಿರುಗಿದ ಸ್ಟೀಲು. ನೋಡುವವರು ನೋಡಿಕೊಳ್ಳಲಿ.

ನನಗೆ ಸಹನೆ ತಪ್ಪುವುದು "ಒರಿಜಿನಲ್ ಕ್ವಾಲಿಟಿ" ಎಂದು ಪ್ಲಾಸ್ಟಿಕ್ ಸುತ್ತಿ ಮಾರುವ ಫ್ಲ್ಯಾಶ್ ಕ್ರೋಮ್ ರಿಮ್ಮುಗಳ ವಿಷಯದಲ್ಲಿ. ತುಕ್ಕು ತಡೆಯುವುದು ಕೆಳಗಿನ ನಿಕ್ಕಲ್, ಮೇಲಿನ ಕ್ರೋಮ್ ಒಂದು ಮೈಕ್ರಾನಿಗಿಂತಲೂ ತೆಳುವಾದ ಹೊಳಪು. ನಿಕ್ಕಲ್ಲಿನಲ್ಲಿ ಜಿಪುಣತನ ಮಾಡಿ ಹೊಳಪು ಮಾತ್ರ ಮಾರುವ ಮಾಲನ್ನು ಪರೀಕ್ಷಿಸಲು ಗಿರಾಕಿಯ ಹತ್ತಿರ ಏನಿದೆ? ನಿಕ್ಕಲ್ ಎಷ್ಟು ದಪ್ಪ ಹಾಕಿದ್ದೀರಿ ಎಂದು ಕೇಳಿದರೆ ಕೌಂಟರಿನಾಚೆ ಮುಖ ಗಂಟಿಕ್ಕುತ್ತದೆ. ಉತ್ತರ ಕೊಡದವನಿಗೆ 2,000 ಯಾಕೆ, 200 ಕೂಡ ಕೊಡಬೇಡಿ.

ಇನ್ನೊಂದು ಹುಚ್ಚು, "ಇದು ಇನ್ವೆಸ್ಟ್‌ಮೆಂಟು" ಎನ್ನುವುದು. 2018ರ ನವೆಂಬರಿನಲ್ಲಿ ಹೊಸ ಜಾವಾ ಬಂದಾಗಿನಿಂದ ಹಳೆಯದನ್ನು ಇಟ್ಟುಕೊಂಡವರೆಲ್ಲ ಬಾಯಿಗೆ ಬಂದ ಬೆಲೆ ಹೇಳುತ್ತಾರೆ. ಹೇಳುವವರು ಸಿಗುತ್ತಾರೆ, ಕೊಡುವವರು ಅಪರೂಪ. ಸ್ವಂತ ಬಳಕೆಯ ಗಾಡಿ ಮಾರಿ ಬಂದ ಲಾಭಕ್ಕೆ ಕ್ಯಾಪಿಟಲ್ ಗೇನ್ಸ್ ಇಲ್ಲ ಎಂದು ಬೀಗುವವರು, ನಷ್ಟವಾದರೆ ಅದನ್ನೂ ಎಲ್ಲಿಯೂ ತೋರಿಸಲಾಗದು ಎಂಬುದನ್ನು ನುಂಗುತ್ತಾರೆ. 2021ರ ವಿಂಟೇಜ್ ನಿಯಮದಡಿ, ಐವತ್ತು ವರ್ಷ ದಾಟಿದ ಗಾಡಿಗೆ 'ವಿಎ' ಅಕ್ಷರದ ನಂಬರ್ ಪಡೆಯಲು ಹೊಸ ನೋಂದಣಿ ಶುಲ್ಕವೇ 20,000. ಪಡೆದ ಮೇಲೆ ದಿನನಿತ್ಯ ರಸ್ತೆಗೆ ಇಳಿಸುವಂತಿಲ್ಲ. ಓಡಿಸಲಾಗದ ಗಾಡಿಗೆ ರಿಮ್ ಯಾವುದಾದರೇನು, ಗೋಡೆಗೆ ತೂಗುಹಾಕಿ.

ನಿಜ ಹೇಳಬೇಕೆಂದರೆ ನಮ್ಮ ರಿಮ್ಮುಗಳನ್ನು ಮಳೆಗಿಂತ ಹೆಚ್ಚು ಕೊಂದಿರುವುದು ನಮ್ಮ ತೊಳೆಯುವ ಚಟ. ವಾಟರ್ ಸರ್ವಿಸ್‌ನವನು ಪ್ರೆಷರಿನಲ್ಲಿ ಹೊಡೆದ ನೀರು ನಿಪ್ಪಲ್ ಸಂದಿಯಿಂದ ಒಳಗೆ ಇಳಿದು, ರಬ್ಬರ್ ಪಟ್ಟಿಯ ಕೆಳಗೆ ವಾರಗಟ್ಟಲೆ ಕೂತಿರುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣ ಬಟ್ಟೆಯಲ್ಲಿ ಇನ್ನೊಮ್ಮೆ ಒರೆಸಿ, ನಿಪ್ಪಲ್ ಬುಡಕ್ಕೆ ಒಂದು ಹನಿ ಎಣ್ಣೆ ಬಿಡಿ. ಪಂಕ್ಚರ್ ಹಾಕಿಸುವಾಗ ಹೇಗೂ ಟೈರ್ ಬಿಚ್ಚಿರುತ್ತದೆ, ಮೊಬೈಲ್ ನೋಡುತ್ತಾ ನಿಲ್ಲುವ ಬದಲು ರಬ್ಬರ್ ಪಟ್ಟಿ ಎಳೆದು ಒಳಗೆ ಒಮ್ಮೆ ಇಣುಕಿ. ಸ್ಪೋಕುಗಳ ಮೇಲೆ ಸ್ಪ್ಯಾನರ್ ತಟ್ಟಿ. ಬಿಗಿಯಿದ್ದದ್ದು 'ಟಿಣ್' ಎನ್ನುತ್ತದೆ, ಸಡಿಲವಾದದ್ದು ಮಂಕಾಗಿ 'ಡಬ್' ಎನ್ನುತ್ತದೆ. ಈ ಗಾಡಿಗೆಂದೇ ತಿಂಗಳಿಗೆ 500 ರೂಪಾಯಿಯ ಆರ್‌ಡಿ ಕಟ್ಟುತ್ತೇನೆ. ಈ ಬಿಲ್ಲೂ ಅದರಿಂದಲೇ ಹೋಯಿತು, ಕ್ರೆಡಿಟ್ ಕಾರ್ಡ್ ಹೊರಗೆ ಬರಲಿಲ್ಲ.

ಪ್ಲೇಟಿಂಗ್‌ಗೆ ಕೊಡುವವರು ಇಷ್ಟು ಮಾಡಿ. ಹಬ್ಬಿನ ಅಂಚಿನಿಂದ ರಿಮ್ಮಿನ ಅಂಚಿಗೆ ಇರುವ ದೂರವನ್ನು ಸ್ಪೋಕ್ ಬಿಚ್ಚುವ ಮುಂಚೆಯೇ ಸ್ಕೇಲಿಟ್ಟು ಅಳೆದು ಬರೆದಿಡಿ. ಕ್ರೋಮ್ ಇಳಿಸುವುದಕ್ಕೆ, ಹಾಕುವುದಕ್ಕೆ ಬೇರೆ ಬೇರೆ ರೇಟನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಅಡ್ವಾನ್ಸ್ ಕೇಳಿದರೆ ಮೊದಲ ರೇಟಿನಷ್ಟು ಮಾತ್ರ ಕೊಡಿ.