ಲ್ಯಾಪ್‌ಟಾಪ್ ಪರದೆಯಲ್ಲಿ ಪದೇ ಪದೇ ಮೂಡುವ ಪಾಸ್‌ವರ್ಡ್ ಸೂಚನೆ: ಹೊರಡಿಸಿದವರು ಯಾರು?

ಗ್ರಾಮ ಪಂಚಾಯಿತಿ ಕಚೇರಿಗೆ ಆದೇಶವೊಂದು ಬಂದಾಗ ಸದಸ್ಯರ ದೃಷ್ಟಿ ಮೊದಲು ಹೋಗುವುದು ಅದರ ಸಂಖ್ಯೆ, ದಿನಾಂಕ ಮತ್ತು ಸಹಿಯ ಮೇಲೆ. ಹೊರಡಿಸಿದ ಪ್ರಾಧಿಕಾರ ಯಾವುದೆಂದು ತಿಳಿಯದ ಕಾಗದದ ಮೇಲೆ ಯಾರೂ ಕ್ರಮ ಕೈಗೊಳ್ಳುವುದಿಲ್ಲ. ಅದೇ ಕಚೇರಿಯ ಲ್ಯಾಪ್‌ಟಾಪ್‌ನಲ್ಲಿ ‘ಪಾಸ್‌ವರ್ಡ್ ಬದಲಿಸಿ’ ಎಂಬ ಚೌಕವೊಂದು ಮೂಡಿದಾಗ ಮಾತ್ರ ಈ ಎಚ್ಚರ ತಪ್ಪುತ್ತದೆ. ಕೆಲವರು ವಾರಗಟ್ಟಲೆ ಅದನ್ನು ಮುಚ್ಚುತ್ತಲೇ ಇರುತ್ತಾರೆ. ಮತ್ತೆ ಕೆಲವರು ಬೇಸತ್ತು ಅದು ಹೇಳಿದಂತೆಯೇ ಮಾಡಿಬಿಡುತ್ತಾರೆ.

ಒಂದು ಗ್ರಾಮ ಪಂಚಾಯಿತಿಯಲ್ಲಿ ಎರಡೂ ನಡೆದವು. ಮೂರು ವಾರ ಸೂಚನೆಯನ್ನು ಮುಚ್ಚಿದ ಡಾಟಾ ಎಂಟ್ರಿ ಆಪರೇಟರ್, ಪಾವತಿಯ ದಿನದಂದು ಅದರ ಮೇಲೆ ಒತ್ತಿದರು. ಪರದೆ ಪೂರ್ತಿ ಕೆಂಪಾಗಿ, ಸೈರನ್ ಮೊಳಗಿ, ಸಹಾಯಕ್ಕೆಂದು ದೂರವಾಣಿ ಸಂಖ್ಯೆಯೊಂದು ಕಾಣಿಸಿತು. ಕರೆ ಸ್ವೀಕರಿಸಿದವನು ವಿನಯದಿಂದಲೇ ಮಾತನಾಡಿ, ದೂರದಿಂದ ಲ್ಯಾಪ್‌ಟಾಪ್ ನಡೆಸಬಲ್ಲ ತಂತ್ರಾಂಶವೊಂದನ್ನು ಹಾಕಿಸಿದನು. ಆ ಹೊತ್ತಿಗೆ ಅಧ್ಯಕ್ಷರ ಡಿಜಿಟಲ್ ಸಹಿಯ ಡೊಂಗಲ್ ಲ್ಯಾಪ್‌ಟಾಪ್‌ನಲ್ಲೇ ಇತ್ತು. ಇನ್ನು ಪಿನ್ ಒಂದೇ ಬಾಕಿ. ಅದನ್ನು ಕೇಳಲು ಆಪರೇಟರ್ ಅಧ್ಯಕ್ಷರಿಗೆ ಕರೆ ಮಾಡಿದಾಗ ಆಕೆ, “ಪಿನ್ ಫೋನಿನಲ್ಲಿ ಹೇಳುವುದಿಲ್ಲ, ನಾನೇ ಬಂದು ಒತ್ತುತ್ತೇನೆ” ಎಂದರು. ಮನೆಯವರಿಗೂ ಅವರು ಆ ಪಿನ್ ತಿಳಿಸಿರಲಿಲ್ಲ. ಬಂದು ನೋಡಿದವರು ಮೊದಲು ಡೊಂಗಲ್ ಕಿತ್ತರು, ನಂತರ ಇಂಟರ್‌ನೆಟ್ ತಂತಿ. ಹಣ ಉಳಿಯಿತು. ಆದರೆ ಲ್ಯಾಪ್‌ಟಾಪ್ ಫಾರ್ಮ್ಯಾಟ್ ಆಗಿ ಬರುವವರೆಗೆ ನಾಲ್ಕು ದಿನ ಪಾವತಿ ನಿಂತು, ನೀರುಗಂಟಿಗಳು ವೇತನಕ್ಕಾಗಿ ಕಾಯಬೇಕಾಯಿತು.

ಇಂತಹ ಸೂಚನೆಯ ಮೂಲ ಸಾಮಾನ್ಯವಾಗಿ ಮೂರರಲ್ಲಿ ಒಂದು: ವಿಂಡೋಸ್, ಬ್ರೌಸರ್, ಅಥವಾ ಯಾವುದೋ ಜಾಲತಾಣ.

ವಿಂಡೋಸ್‌ನ ಸೂಚನೆಗೆ ಕಾರಣ ಸರಳ. ಲ್ಯಾಪ್‌ಟಾಪ್‌ನಲ್ಲಿ ಖಾತೆ ತೆರೆಯುವಾಗ ‘ಪಾಸ್‌ವರ್ಡ್ ಅವಧಿ ಮುಗಿಯದು’ ಎಂಬ ಗುರುತು ಹಾಕದಿದ್ದರೆ, ಮೊದಲೇ ನಿಗದಿಯಾದ ನಿಯಮದಂತೆ 42 ದಿನಗಳಿಗೆ ಪಾಸ್‌ವರ್ಡ್ ಅವಧಿ ಮುಗಿಯುತ್ತದೆ. ಅದಕ್ಕೆ 5 ದಿನ ಮೊದಲಿನಿಂದ ಜ್ಞಾಪನ ಆರಂಭ. ಅವಧಿ ಮೀರಿದರೆ ಕಡತಗಳೇನೂ ಅಳಿಸಿಹೋಗುವುದಿಲ್ಲ. ಹೊಸ ಪಾಸ್‌ವರ್ಡ್ ಕೊಡುವವರೆಗೆ ಒಳಗೆ ಬಿಡುವುದಿಲ್ಲ, ಅಷ್ಟೆ. ಸೂಚನೆ ನಿಜವೇ ಎಂದು ಪರಿಶೀಲಿಸಲು ‘ಕಮಾಂಡ್ ಪ್ರಾಂಪ್ಟ್’ ತೆರೆದು, ಇಂಗ್ಲಿಷ್ ಅಕ್ಷರಗಳಲ್ಲಿ ‘ನೆಟ್ ಯೂಸರ್’ ಎಂದು ಬರೆದು, ಒಂದು ಸ್ಥಳ ಬಿಟ್ಟು ಖಾತೆಯ ಹೆಸರು ಸೇರಿಸಿ ಎಂಟರ್ ಒತ್ತಬೇಕು. ‘ಪಾಸ್‌ವರ್ಡ್ ಎಕ್ಸ್‌ಪೈರ್ಸ್’ ಎಂಬ ಸಾಲಿನಲ್ಲಿ ದಿನಾಂಕವಿದ್ದು ಅದು ಹತ್ತಿರದಲ್ಲಿದ್ದರೆ ಜ್ಞಾಪನ ನಿಜವಾದುದೆಂದು ತಿಳಿಯಬಹುದು. ‘ನೆವರ್’ ಎಂದಿದ್ದರೆ, ಅವಧಿ ಮುಗಿಯುತ್ತಿದೆ ಎನ್ನುವ ಆ ಚೌಕ ವಿಂಡೋಸ್‌ನದಲ್ಲ.

ನಿಜವೆಂದು ಖಾತರಿಯಾದ ಮೇಲೂ ಸೂಚನೆಯ ಮೇಲೆ ಒತ್ತುವ ಅಗತ್ಯವಿಲ್ಲ. ಕಂಟ್ರೋಲ್, ಆಲ್ಟ್, ಡಿಲೀಟ್ ಕೀಲಿಗಳನ್ನು ಒಟ್ಟಿಗೆ ಒತ್ತಿ ‘ಚೇಂಜ್ ಎ ಪಾಸ್‌ವರ್ಡ್’ ಆಯ್ದುಕೊಂಡರೆ ಸಾಕು. ಈ ಮೂರು ಕೀಲಿಗಳ ಕರೆಯನ್ನು ವಿಂಡೋಸ್ ತಾನೇ ಸ್ವೀಕರಿಸುತ್ತದೆ. ಯಾವುದೇ ಜಾಲತಾಣ ಅದನ್ನು ನಡುವೆ ಹಿಡಿಯಲಾರದು. ಪರದೆ ತುಂಬಿ ಹೆದರಿಸುವ ಪುಟ ಬಂದಾಗಲೂ ಇದೇ ದಾರಿ: ಇಲ್ಲಿಂದ ‘ಟಾಸ್ಕ್ ಮ್ಯಾನೇಜರ್’ ತೆರೆದು ಬ್ರೌಸರನ್ನು ಮುಚ್ಚಬಹುದು.

ಮೈಕ್ರೋಸಾಫ್ಟ್ ಖಾತೆಯಿಂದ ಲ್ಯಾಪ್‌ಟಾಪ್ ತೆರೆಯುವ ಕಡೆ ‘ಖಾತೆಯನ್ನು ಸರಿಪಡಿಸಬೇಕಾಗಿದೆ’ ಎಂಬ ಸೂಚನೆಯೂ ಬರುವುದುಂಟು. ಮೊಬೈಲ್‌ನಲ್ಲಿ ಪಾಸ್‌ವರ್ಡ್ ಬದಲಿಸಿ ಲ್ಯಾಪ್‌ಟಾಪ್‌ನಲ್ಲಿ ಹಳೆಯದೇ ಉಳಿದಿರುವುದು ಇದಕ್ಕೆ ಸಾಮಾನ್ಯ ಕಾರಣ. ಸೆಟ್ಟಿಂಗ್ಸ್‌ನ ‘ಅಕೌಂಟ್ಸ್’ ವಿಭಾಗದಲ್ಲಿ ಹೊಸದನ್ನು ಕೊಟ್ಟರೆ ತೊಂದರೆ ಬಹುಪಾಲು ನಿಲ್ಲುತ್ತದೆ.

ಎರಡನೆಯದು ಕ್ರೋಮ್‌ನಂತಹ ಬ್ರೌಸರ್ ನೀಡುವ ಎಚ್ಚರಿಕೆ: ಈಗ ಬಳಸಿದ ಪಾಸ್‌ವರ್ಡ್ ಸೋರಿಕೆಯಾದ ಪಟ್ಟಿಯಲ್ಲಿದೆ ಎಂದು. ಇದನ್ನು ಕಡೆಗಣಿಸಬಾರದು. ಪಂಚತಂತ್ರ, ಇ-ಸ್ವತ್ತು, ಕಚೇರಿಯ ಇಮೇಲ್ ಎಲ್ಲಕ್ಕೂ ಪಂಚಾಯಿತಿಯ ಹೆಸರಿನ ಮುಂದೆ 123 ಸೇರಿಸಿದ ಒಂದೇ ಪಾಸ್‌ವರ್ಡ್ ಇಟ್ಟಿರುವಲ್ಲಿ ಒಂದು ಸೋರಿದರೆ ಎಲ್ಲವೂ ಸೋರಿದಂತೆ. ಬದಲಾವಣೆಯನ್ನು ಆಯಾ ತಂತ್ರಾಂಶದ ವಿಳಾಸವನ್ನು ತಾವೇ ಬರೆದು, ಒಳಹೊಕ್ಕು ಮಾಡಬೇಕು. ‘ಪಾಸ್‌ವರ್ಡ್ ಉಳಿಸಲೇ?’ ಎಂದು ಬ್ರೌಸರ್ ಕೇಳಿದರೆ, ಹಲವರು ಬಳಸುವ ಲ್ಯಾಪ್‌ಟಾಪ್‌ನಲ್ಲಿ ‘ನೆವರ್’ ಎಂಬುದೇ ಸರಿಯಾದ ಉತ್ತರ.

ಮೂರನೆಯದೇ ಮೇಲಿನ ಪ್ರಸಂಗದ್ದು. ಸಿನಿಮಾ ಅಥವಾ ಫಲಿತಾಂಶ ನೋಡಲು ತೆರೆದ ತಾಣವೊಂದು ‘ಅಲೋ’ ಒತ್ತಲು ಹೇಳಿರುತ್ತದೆ. ಒತ್ತಿದ ದಿನದಿಂದ ಅದು ಪರದೆಯ ಬಲ ಮೂಲೆಗೆ ತನ್ನ ಚೌಕಗಳನ್ನು ಕಳುಹಿಸುತ್ತಲೇ ಇರುತ್ತದೆ. ಚೌಕವನ್ನು ಗಮನವಿಟ್ಟು ನೋಡಿದರೆ ಬ್ರೌಸರ್‌ನ ಹೆಸರು ಮತ್ತು ಆ ತಾಣದ ವಿಳಾಸ ಸಣ್ಣ ಅಕ್ಷರಗಳಲ್ಲಿ ಇರುವುದು ಕಾಣುತ್ತದೆ. ಆದೇಶದ ಕೆಳಗಿನ ಸಹಿ ಎಂದರೆ ಇದೇ. ಕ್ರೋಮ್‌ನ ಸೆಟ್ಟಿಂಗ್ಸ್‌ನಲ್ಲಿ ‘ಪ್ರೈವಸಿ ಅಂಡ್ ಸೆಕ್ಯೂರಿಟಿ’, ಅದರೊಳಗೆ ‘ಸೈಟ್ ಸೆಟ್ಟಿಂಗ್ಸ್’, ಅದರೊಳಗೆ ‘ನೋಟಿಫಿಕೇಶನ್ಸ್’ ತೆರೆದು ಆ ತಾಣದ ಅನುಮತಿ ತೆಗೆದರೆ ಅದರ ಕಾಟ ನಿಲ್ಲುತ್ತದೆ.

ಪಾಸ್‌ವರ್ಡನ್ನು ಆಗಾಗ ಬದಲಿಸುವುದೇ ಸುರಕ್ಷತೆ ಎಂಬ ನಂಬಿಕೆ ಕಚೇರಿಗಳಲ್ಲಿ ಬಲವಾಗಿದೆ. ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ 2017ರಲ್ಲಿ, ಕಾರಣವಿಲ್ಲದೆ ಕಾಲಕಾಲಕ್ಕೆ ಬದಲಾವಣೆ ಕಡ್ಡಾಯಪಡಿಸುವುದು ಬೇಡವೆಂದು ಹೇಳಿತು. 2019ರಲ್ಲಿ ಮೈಕ್ರೋಸಾಫ್ಟ್ ಕೂಡ ತನ್ನ ಶಿಫಾರಸುಗಳಿಂದ ಅವಧಿಯ ನಿಯಮವನ್ನು ಕೈಬಿಟ್ಟಿತು. ಒತ್ತಾಯಕ್ಕೆ ಬದಲಿಸುವವರು ಕೊನೆಯ 1ನ್ನು 2 ಮಾಡುತ್ತಾರೆ, ಮರೆಯದಿರಲೆಂದು ಚೀಟಿ ಬರೆದು ಕೀಬೋರ್ಡ್ ಕೆಳಗಿಡುತ್ತಾರೆ. ಇಲಾಖೆಯ ತಂತ್ರಾಂಶವೇ ಅವಧಿ ವಿಧಿಸಿದ್ದರೆ ಪಾಲಿಸಲೇಬೇಕು. ಉಳಿದಂತೆ, ಸಿಬ್ಬಂದಿ ಬದಲಾದ ದಿನ ಮತ್ತು ಸೋರಿಕೆಯ ಸಂಶಯ ಬಂದ ದಿನ ತಪ್ಪದೆ ಬದಲಿಸಬೇಕು.

ಇದು ಆಪರೇಟರ್‌ಗೆ ಬಿಟ್ಟ ವಿಷಯವೆಂದು ಸದಸ್ಯರು ಭಾವಿಸುವುದು ಸಹಜ. ಆದರೆ ಪಂಚಾಯಿತಿಯ ಪಾವತಿಗೆ ಎರಡು ಸಹಿ ಬೇಕೆಂಬ ವ್ಯವಸ್ಥೆಯ ಅರ್ಥವೇ ಒಬ್ಬರು ಎಡವಿದಾಗ ಇನ್ನೊಬ್ಬರು ತಡೆಯಲಿ ಎಂಬುದು. ಎರಡೂ ಡೊಂಗಲ್‌ಗಳು ಒಂದೇ ಡ್ರಾಯರ್‌ನಲ್ಲಿದ್ದು, ಎರಡರ ಪಿನ್ ಒಬ್ಬರಿಗೇ ಗೊತ್ತಿದ್ದರೆ ಇರುವುದು ಒಂದೇ ಸಹಿ. ಇನ್ನೊಬ್ಬರ ಡಿಜಿಟಲ್ ಸಹಿ ಅಥವಾ ಪಾಸ್‌ವರ್ಡನ್ನು ಮೋಸದಿಂದ ಬಳಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 66ಸಿ ಪ್ರಕರಣದಂತೆ 3 ವರ್ಷಗಳವರೆಗಿನ ಸೆರೆವಾಸ ಮತ್ತು 1 ಲಕ್ಷ ರೂಪಾಯಿವರೆಗಿನ ದಂಡಕ್ಕೆ ಗುರಿಯಾಗುವ ಅಪರಾಧ.

ಆದ್ದರಿಂದ ಮುಂದಿನ ಸಾಮಾನ್ಯ ಸಭೆಯಲ್ಲಿ ಸದಸ್ಯರು ಕೇಳಿ ನಡಾವಳಿಯಲ್ಲಿ ದಾಖಲಿಸಬಹುದಾದ ಪ್ರಶ್ನೆಗಳಿವೆ: ಲ್ಯಾಪ್‌ಟಾಪ್‌ನಲ್ಲಿ ಪ್ರತಿ ಸಿಬ್ಬಂದಿಗೂ ಪ್ರತ್ಯೇಕ ಖಾತೆ ಇದೆಯೇ? ಹಿಂದಿನ ಆಪರೇಟರ್ ಬಿಟ್ಟುಹೋದ ಮೇಲೆ ಪಾಸ್‌ವರ್ಡ್‌ಗಳು ಬದಲಾಗಿವೆಯೇ? ಪಾವತಿ ಮುಗಿದ ಮೇಲೆ ಡೊಂಗಲ್ ಯಾರ ವಶದಲ್ಲಿರುತ್ತದೆ? ಹಣ ಹೋಗಿರುವ ಅನುಮಾನ ಬಂದಲ್ಲಿ ಸಭೆಗಾಗಿ ಕಾಯದೆ, ಡೊಂಗಲ್ ತೆಗೆದು, ಇಂಟರ್‌ನೆಟ್ ಕಡಿದು, ತಕ್ಷಣ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಾಲ್ಲೂಕು ಪಂಚಾಯಿತಿಗೂ ತಿಳಿಸತಕ್ಕದ್ದು. ಆ ಸಂಖ್ಯೆಯನ್ನು ಲ್ಯಾಪ್‌ಟಾಪ್ ಇರುವ ಮೇಜಿನ ಎದುರಿನ ಗೋಡೆಗೆ ಅಂಟಿಸಿಡುವುದು ಸೂಕ್ತ.